ವಾರದ ರಜೆ ಯಾರದು?

ಧಾರವಾಡದ ಕಡೆಯವರು ಅದನ್ನು ‘ಸೂಟಿ’ ಎನ್ನುವರು. ನಮ್ಮ ನೆರೆಯ ಮರಾಠಿಗರು ‘ಸುಟ್ಟಿ’ ಎನ್ನುವರು. ಮಂಗಳೂರು, ಉಡುಪಿ, ಕುಂದಾಪುರಗಳಿಂದ ಬಂದ ನಾವು ‘ರಜೆ’ ಎನ್ನುತ್ತೇವೆ. ಹೆಸರು ಯಾವುದಾದರೇನು? ವಾರಕ್ಕೊಮ್ಮೆ ಬರುವ ಆ ಒಂದು ದಿನಕ್ಕಾಗಿ ಮುಂಬಯಿಯಲ್ಲಿ ದುಡಿಯುವ ಮನುಷ್ಯನು ಉಳಿದ ಆರು ದಿನಗಳನ್ನು ಬೆರಳು ಮಡಿಸಿ ಎಣಿಸುತ್ತಾನೆ. ಆದರೆ ಆ ದಿನವು ಬಂದಾಗ ಅದನ್ನು ಏನು ಮಾಡಬೇಕೆಂಬುದು ನಮ್ಮಲ್ಲಿ ಬಹು ಮಂದಿಗೆ ತಿಳಿಯದು. ಮತ್ತೆ ಕೆಲವರಿಗೆ ಅದು ಕೈಗೆ ಬರುವ ಮೊದಲೇ ಹಾರಿಹೋಗುತ್ತದೆ. ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂಬ ವಿಚಾರವು ಬಹಳ ದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು.

ನಾವು ದೊಡ್ಡ ವಿದ್ವಾಂಸರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟವರು. ಹದಿನೈದು ವರ್ಷ ಹೋಟೆಲಿನ ಗಲ್ಲೆಯ ಮೇಲೆ ಕುಳಿತು, ಆಮೇಲೆ ಈ ಪತ್ರಿಕೆಯ ಮೇಜಿಗೆ ಬಂದವರು. ಆದುದರಿಂದ ರಜೆಯ ವಿಷಯವನ್ನು ಕೊಡುವವರ ಕಡೆಯಿಂದಲೂ ಪಡೆಯುವವರ ಕಡೆಯಿಂದಲೂ ಬಲ್ಲೆವು. ಕೊಡಬೇಕಾದಾಗ ಕೊಡದೆ ಇದ್ದ ತಪ್ಪೂ ನಮ್ಮ ಲೆಕ್ಕದಲ್ಲಿದೆ. ಅದನ್ನು ಮೊದಲು ಹೇಳಿ ಮುಂದುವರಿಯುವುದೇ ನ್ಯಾಯ.

ಒಬ್ಬ ಹುಡುಗನ ಮಾತು

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ನಮ್ಮ ಹೋಟೆಲು ಆಗ ದಾದರಿನಲ್ಲಿತ್ತು. ಕುಂದಾಪುರದ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬನು ಕೆಲಸಕ್ಕೆ ಬಂದನು. ಕಪ್ಪುಬಸಿ ತೊಳೆಯುವುದು, ಮೇಜು ಒರೆಸುವುದು ಅವನ ಕೆಲಸ. ಮಿತಭಾಷಿ, ಪ್ರಾಮಾಣಿಕ. ಬುಧವಾರ ಅವನ ರಜೆಯೆಂದು ನಾವೇ ಗೊತ್ತುಮಾಡಿದ್ದೆವು. ಆದರೆ ಬುಧವಾರ ಬೆಳಿಗ್ಗೆ ಒಬ್ಬನಿಗೆ ಜ್ವರ, ಇನ್ನೊಬ್ಬನು ಊರಿಗೆ ಹೋದವನು ಮರಳಿ ಬಂದಿಲ್ಲ. “ಈವತ್ತೊಂದು ದಿನ ನೋಡಿಕೋ ಮಾರಾಯ, ಮುಂದಿನ ವಾರ ಎರಡು ದಿನ ತೆಗೆದುಕೋ” ಎಂದು ನಾವು ಹೇಳುತ್ತಿದ್ದೆವು. ಅವನು ತಲೆಯಾಡಿಸುತ್ತಿದ್ದನು. ಮುಂದಿನ ವಾರವೂ ಅದೇ ಮಾತು. ಒಂದು ಬುಧವಾರ ಅಪರೂಪಕ್ಕೆ ಅವನನ್ನು ನಿಜವಾಗಿಯೂ ಬಿಟ್ಟೆವು. ಮಧ್ಯಾಹ್ನ ನೋಡಿದರೆ ಅಡುಗೆಮನೆಯ ಹಿಂಬಾಗಿಲಲ್ಲಿ ಕುಳಿತು ಭಟ್ಟರಿಗೆ ನೀರುಳ್ಳಿ ಹೆಚ್ಚಿಕೊಡುತ್ತಿದ್ದಾನೆ! ಯಾಕಪ್ಪಾ ಎಂದು ಕೇಳಿದೆವು. “ಎಲ್ಲಿಗೆ ಹೋಪ್ದು ಧನಿಗಳೇ? ನಂಗೆ ಯಾರ್ದೂ ಗುರ್ತ ಇಲ್ಲೆ” ಎಂದನು. ನಾವು ನಕ್ಕು ಗಲ್ಲೆಗೆ ಮರಳಿದೆವು.

ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಎರಡು ವರ್ಷಗಳ ನಂತರ ಜಾತ್ರೆಗೆಂದು ಆ ಕಡೆ ಹೋದಾಗ ಅವನ ಮನೆಗೆ ಹೋದೆವು. ಹುಡುಗನು ಮೀನಿನ ವ್ಯಾಪಾರಕ್ಕೆ ಸೇರಿದ್ದನು, ಅಂದು ಮನೆಯಲ್ಲಿರಲಿಲ್ಲ. ಅವನ ತಾಯಿ ಬೆಲ್ಲ ನೀರು ಕೊಟ್ಟು ಉಪಚರಿಸಿ, ಮಾತಿನ ನಡುವೆ ಒಂದು ಪ್ರಶ್ನೆ ಕೇಳಿದರು: ಮುಂಬಯಿಯಲ್ಲಿ ಸಮುದ್ರವೇ ಇಲ್ಲವಂತೆ, ನಿಜವೇ? ಅಲ್ಲಿ ಸಮುದ್ರ ಕಾಣಲಿಲ್ಲವೆಂದು ಮಗ ಹೇಳಿದ್ದನಂತೆ. ಕಡಲ ತಡಿಯಲ್ಲಿ ಹುಟ್ಟಿ ಬೆಳೆದ ಆ ಹುಡುಗನು ಹತ್ತು ತಿಂಗಳು ನಮ್ಮಲ್ಲಿ ದುಡಿದನು. ನಮ್ಮ ಹೋಟೆಲಿನಿಂದ ಒಂದು ಮೈಲು ಪಶ್ಚಿಮಕ್ಕೆ ನಡೆದಿದ್ದರೆ ಶಿವಾಜಿ ಪಾರ್ಕಿನ ಆಚೆ ಅದೇ ಪಡುಗಡಲು ಅವನಿಗೆ ಕಾಣುತ್ತಿತ್ತು. ಆ ಒಂದು ಮೈಲು ನಡೆಯಲು ನಾವು ಅವನಿಗೆ ಬಿಡುವು ಕೊಡಲಿಲ್ಲ. ಬಿಡುವು ಕೊಟ್ಟ ದಿನ ದಾರಿ ತೋರಿಸಲಿಲ್ಲ. ಆ ತಾಯಿಯ ಪ್ರಶ್ನೆಗೆ ನಾವು ಏನು ಉತ್ತರ ಕೊಟ್ಟೆವೆಂಬುದು ಈಗ ನೆನಪಿಲ್ಲ. ಉತ್ತರ ಕೊಡಲು ನಾಚಿಕೆಯಾಯಿತೆಂಬುದು ಮಾತ್ರ ನೆನಪಿದೆ.

ರಜೆಯು ಬಂದ ಬಗೆ

ನಮ್ಮ ಅನೇಕ ಮಾಲಿಕರು ರಜೆಯನ್ನು ತಾವು ಮಾಡುವ ಉಪಕಾರವೆಂದು ತಿಳಿದಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಆದರೆ ಈ ನಗರದಲ್ಲಿ ವಾರದ ರಜೆಯು ಹೇಗೆ ಬಂತೆಂಬುದನ್ನು ತಿಳಿದರೆ ಆ ಭಾವನೆಯು ಉಳಿಯದು.

ಮುಂಬಯಿಯ ಬಟ್ಟೆ ಗಿರಣಿಗಳ ಮೊದಲ ದಿನಗಳಲ್ಲಿ ಕೂಲಿಗಾರರಿಗೆ ವಾರದ ರಜೆಯೆಂಬುದು ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಇದಕ್ಕಾಗಿ ಕಂಕಣ ಕಟ್ಟಿದರು. ಈ ಮಹನೀಯರು ಗಿರಣಿಯಲ್ಲಿ ಕಾರಕೂನಿಕೆ ಮಾಡಿದವರು, ಆಮೇಲೆ ‘ದೀನಬಂಧು’ ಎಂಬ ಮರಾಠಿ ಪತ್ರಿಕೆಯ ಸಂಪಾದಕರಾದವರು. 1884ರಲ್ಲಿ ಅವರು ಗಿರಣಿ ಕೂಲಿಗಾರರ ಸಂಘವನ್ನು ಕಟ್ಟಿದರು. ಭಾನುವಾರವೇ ರಜೆಯಾಗಲೆಂದು ಅವರು ಕೇಳಿದುದಕ್ಕೆ ಅದು ಖಂಡೋಬನ ವಾರವೆಂಬುದೂ ಒಂದು ಕಾರಣವೆಂದು ಹೇಳುತ್ತಾರೆ. ಜೇಜುರಿಯ ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ ಅಲ್ಲವೆ? 1890ರ ಏಪ್ರಿಲ್ ತಿಂಗಳಲ್ಲಿ ಸುಮಾರು 10,000 ಕೂಲಿಗಾರರು ಸಭೆ ಸೇರಿದರು. ಆ ಕಾಲದಲ್ಲಿಯೂ ಇಬ್ಬರು ಸ್ತ್ರೀಯರು ಎದ್ದು ನಿಂತು ಭಾಷಣ ಮಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲಿಕರು ಭಾನುವಾರದ ರಜೆಗೆ ಒಪ್ಪಿದರು. ಅಂದರೆ ನಾವಿಂದು ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿ ಕಾಣುವ ವಾರವು ಒಬ್ಬ ಕಾರಕೂನನ ಮತ್ತು ಸಾವಿರಾರು ಕೂಲಿಗಾರರ ಗಳಿಕೆ. ಕಾರಕೂನಿಕೆ ಮಾಡುವ ನಮ್ಮ ವಾಚಕರು ಇದನ್ನು ಹೆಮ್ಮೆಯಿಂದ ನೆನೆಯಬಹುದು.

ಗಿರಣಿಗೆ ಬಂದ ರಜೆಯು ಹೋಟೆಲಿಗೆ ಬರಲು ಬಹಳ ವರ್ಷಗಳು ಹಿಡಿದವು. 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ಹೋಟೆಲು ನೌಕರರಿಗೂ ವಾರಕ್ಕೊಂದು ದಿನವನ್ನು ಗೊತ್ತುಮಾಡಿತು. ಅದರ ಸ್ಥಾನದಲ್ಲಿ ಮಹಾರಾಷ್ಟ್ರ ಸರಕಾರವು 2017ರಲ್ಲಿ ಹೊಸ ಕಾಯಿದೆಯನ್ನು ಮಾಡಿತು. ಅಂಗಡಿಯು ವಾರದ ಏಳು ದಿನವೂ ತೆರೆದಿರಲು ಅದು ಅವಕಾಶ ಕೊಟ್ಟಿತು. ಆದರೆ ಒಂದು ಷರತ್ತನ್ನೂ ಹಾಕಿತು: ಅಂಗಡಿ ತೆರೆದಿದ್ದರೂ ಪ್ರತಿಯೊಬ್ಬ ನೌಕರನಿಗೆ ವಾರದಲ್ಲಿ 24 ಗಂಟೆಗಳ ಎಡೆಬಿಡದ ವಿಶ್ರಾಂತಿ ದೊರೆಯಲೇಬೇಕು, ಕೆಲಸದ ಒತ್ತಡದಿಂದ ಆ ದಿನ ತಪ್ಪಿದರೆ ಎರಡು ತಿಂಗಳೊಳಗೆ ಬದಲಿ ರಜೆಯನ್ನು ಕೊಡಬೇಕು. ಗೋಡೆಗೂ ಒಲೆಗೂ ವಿಶ್ರಾಂತಿ ಬೇಡ, ಮನುಷ್ಯನಿಗೆ ಬೇಕು ಎಂಬುದೇ ಇದರ ತಾತ್ಪರ್ಯ. ಈ ಕಾಯಿದೆಯು ಹುಟ್ಟಿದಾಗಲೇ ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತ್ತು. ಅಂಥ ಸಣ್ಣ ಹೋಟೆಲುಗಳಲ್ಲಿ ಧನಿಯ ಮನಸ್ಸೇ ಕಾಯಿದೆ. ಅಲ್ಲಿ ದುಡಿಯುವ ನಮ್ಮವರ ಸಂಖ್ಯೆ ಸಣ್ಣದೇನೂ ಅಲ್ಲ. ಆದುದರಿಂದಲೇ ಈ ಲೇಖನದ ಅರ್ಧ ಭಾಗವು ಧನಿಗಳನ್ನು ಕುರಿತದ್ದು.

ಕಾರಕೂನರ ಭಾನುವಾರ

ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ಬಂಧುಗಳ ಕಷ್ಟವು ಬೇರೆ ಬಗೆಯದು. ಅವರಿಗೆ ಭಾನುವಾರವು ತಪ್ಪದೆ ಬರುತ್ತದೆ. ಆದರೆ ಬರುವಾಗಲೇ ಅರ್ಧ ಸವೆದಿರುತ್ತದೆ. ವಿರಾರದಿಂದ ಚರ್ಚ್‌ಗೇಟಿಗೆ 60 ಕಿಲೋಮೀಟರ್. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದು ಹಿಡಿದರೆ, ಆರು ದಿನಕ್ಕೆ ಹದಿನೆಂಟು ಗಂಟೆಗಳು ಲೋಕಲ್ ಗಾಡಿಗೇ ಸಮರ್ಪಣೆಯಾದವು. ಡೊಂಬಿವಲಿ, ಕಲ್ಯಾಣಗಳ ಕಡೆಯವರ ಪಾಡೂ ಇದೇ. ಇಷ್ಟಾದ ಮೇಲೆ ಭಾನುವಾರ ಹೆಂಡತಿ ಮಕ್ಕಳೊಡನೆ ಹೊರಡೋಣವೆಂದರೆ ಹಳಿಗಳ ದುರಸ್ತಿಗೆಂದು ರೈಲ್ವೆಯವರ ಮೆಗಾ ಬ್ಲಾಕ್! ಬೆಳಿಗ್ಗೆ ನಲ್ಲಿಯ ನೀರು, ಆಮೇಲೆ ದಿನಸಿ, ಮಗುವಿನ ಪಾಠ, ಹೌಸಿಂಗ್ ಸೊಸೈಟಿಯ ಸಭೆ ಎಂದು ಸೂರ್ಯನು ಪಶ್ಚಿಮಕ್ಕೆ ವಾಲಿರುತ್ತಾನೆ. ಸಂಜೆಗೆ ಉಳಿಯುವುದು ಮಂಚ ಮತ್ತು ಮೊಬೈಲು.

ಮೊಬೈಲನ್ನು ನಾವು ನಿಂದಿಸುವುದಿಲ್ಲ. ಊರಿನ ತಾಯಿಯ ಮುಖವನ್ನು ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ಹಿಂದೆ ನಿಂತು ನೋಡುವ ಹುಡುಗನಿಗೆ ಅದರ ಬೆಲೆ ಗೊತ್ತು. ಆದರೆ ರಜೆಯ ದಿನವಿಡೀ ಮಾಳಿಗೆಯ ಮೇಲಿನ ಖೋಲಿಯಲ್ಲಿ ಎಂಟು ಮಂದಿ ಎಂಟು ಮೊಬೈಲುಗಳನ್ನು ಹಿಡಿದು, ಒಬ್ಬರೊಡನೊಬ್ಬರು ಮಾತಿಲ್ಲದೆ ಮಲಗಿರುವ ದೃಶ್ಯವನ್ನು ನಾವು ಕಂಡಿದ್ದೇವೆ. ಮೈ ಮಲಗಿದರೂ ಮನಸ್ಸಿಗೆ ವಿಶ್ರಾಂತಿಯಾಗಲಿಲ್ಲ. ಮರುದಿನ ಅವರು ಎದ್ದದ್ದು ಹಿಂದಿನ ದಿನಕ್ಕಿಂತ ಹೆಚ್ಚು ದಣಿದೇ.

ಎಲ್ಲಿಗೆ ಹೋಗುವುದು?

“ಎಲ್ಲಿಗೆ ಹೋಪ್ದು ಧನಿಗಳೇ?” ಎಂಬ ಪ್ರಶ್ನೆಗೆ ನಾವು ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದಾದರೂ ಕೊಡುತ್ತೇವೆ.

ಹೋಟೆಲಿನವರ ರಜೆಯು ಭಾನುವಾರ ಬರುವುದು ಅಪರೂಪ. ಅದು ಗಿರಾಕಿಗಳ ದಿನ. ನಮ್ಮವರಿಗೆ ಸೋಮವಾರವೋ ಬುಧವಾರವೋ ಬರುತ್ತದೆ. ಅದರಲ್ಲೊಂದು ಲಾಭವೂ ಉಂಟು: ಬೆಳಗಿನ ಗದ್ದಲ ಇಳಿದ ಮೇಲೆ ಹನ್ನೊಂದು ಗಂಟೆಯ ಲೋಕಲ್ ಗಾಡಿಯಲ್ಲಿ ಕುಳಿತೇ ಹೋಗಬಹುದು. ಆದರೆ ಒಂದು ಎಚ್ಚರಿಕೆ ಬೇಕು. ಘಾರಾಪುರಿಯ ಎಲಿಫೆಂಟಾ ಗುಹೆಗಳೂ ಬೊರಿವಲಿಯ ರಾಷ್ಟ್ರೀಯ ಉದ್ಯಾನವೂ ಸೋಮವಾರ ಮುಚ್ಚಿರುತ್ತವೆ. ಭಾಯಖಳಾದ ರಾಣಿಬಾಗ್ ಬುಧವಾರ ಮುಚ್ಚಿರುತ್ತದೆ. ಇದನ್ನರಿಯದೆ ಹೋಗಿ ಬೀಗ ನೋಡಿ ಬಂದವರನ್ನು ನಾವು ಬಲ್ಲೆವು. ಆದುದರಿಂದ ಸೋಮವಾರದ ರಜೆಯವರು ರಾಣಿಬಾಗಿಗೆ, ಬುಧವಾರದವರು ಗುಹೆಗಳಿಗೆ ಎಂದು ನೆನಪಿಡಿ.

1862ರಿಂದ ಭಾಯಖಳಾದಲ್ಲಿರುವ ರಾಣಿಬಾಗಿಗೆ ಇಂದು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನವೆಂದು ಹೆಸರು. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಅಲ್ಲಿ ಹುಲಿಯೂ ಇದೆ, ಪೆಂಗ್ವಿನ್ ಹಕ್ಕಿಯೂ ತಣ್ಣನೆಯ ಕೋಣೆಯಲ್ಲಿದೆ. ಹಳೆಯ ಮರಗಳ ನೆರಳಂತೂ ನಗರದ ನಡುವೆ ಬೇರೆಲ್ಲೂ ಅಷ್ಟು ದೊರೆಯದು. ಕೋಟೆಯ ಭಾಗದಲ್ಲಿರುವ, 1922ರಲ್ಲಿ ಜನರಿಗೆ ತೆರೆದ ದೊಡ್ಡ ವಸ್ತು ಸಂಗ್ರಹಾಲಯವು ಸೋಮವಾರವೂ ನೋಡಲು ಸಿಗುತ್ತದೆ.

ಬುಧವಾರದವರು ಗೇಟ್‌ವೇಯಿಂದ ದೋಣಿ ಹತ್ತಿದರೆ ಒಂದು ಗಂಟೆಯಲ್ಲಿ ಘಾರಾಪುರಿ. ಒಳಗೆ ಕಲ್ಲಿನಲ್ಲಿ ಕಡೆದ ಮೂರು ಮುಖದ ಮಹೇಶ್ವರನು ಆಳಿಗೆ ಮೂರು ಪಟ್ಟು ಎತ್ತರದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಾನೆ. ಕಡಲು ಕೆರಳುವ ಮಳೆಗಾಲದಲ್ಲಿ ಮಾತ್ರ ದೋಣಿಯನ್ನು ನಂಬಬೇಡಿ. ಆಗ ಕಾಡಿನ ಕಡೆಗೆ ಹೋಗಿ. ಬೊರಿವಲಿಯ ಉದ್ಯಾನದೊಳಗೆ ಕಾನ್ಹೇರಿಯ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಜುಲೈ ತಿಂಗಳಲ್ಲಿ ಬಂಡೆಗಳ ಮೇಲೆಲ್ಲ ನೀರು ಹರಿಯುತ್ತಿರುತ್ತದೆ. ಮರಾಠಿ ಕುಟುಂಬಗಳು ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಮಳೆಯಲ್ಲಿ ನೆನೆಯಲೆಂದೇ ಅಲ್ಲಿಗೆ ಬರುತ್ತವೆ. ನಗರಕ್ಕೆ ನೀರು ಕೊಡುವ ಏಳು ಕೆರೆಗಳಲ್ಲಿ ವಿಹಾರ, ತುಳಸಿ ಎಂಬೆರಡು ಇದೇ ಕಾಡಿನ ಮಡಿಲಲ್ಲಿವೆ. ಜೂನ್ ಬಂತೆಂದರೆ ಕೆರೆ ತುಂಬಿತೇ, ನೀರಿನ ಕಡಿತ ನಿಂತಿತೇ ಎಂದು ಪತ್ರಿಕೆ ತಿರುವುವ ಹೋಟೆಲಿನವರು ಆ ನೀರು ಹುಟ್ಟುವ ಜಾಗವನ್ನು ಒಮ್ಮೆ ಕಾಣಬೇಡವೇ?

ಕಾನ್ಹೇರಿಯಲ್ಲಿ ನಮಗೆ ಇನ್ನೂ ಒಂದು ಸಂಬಂಧವಿದೆ. ಅಲ್ಲಿಯ ಗೋಡೆಗಳ ಮೇಲೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಆಳಿಕೆಯ, ಕ್ರಿ.ಶ. 9ನೆಯ ಶತಮಾನದ ಶಾಸನಗಳಿವೆ. ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಆ ದೊರೆಯ ಹೆಸರೇ ನಮ್ಮ ‘ಕವಿರಾಜಮಾರ್ಗ’ದೊಡನೆ ಸೇರಿಕೊಂಡಿರುವುದು. ಹೊಟ್ಟೆಪಾಡಿಗೆ ಬಂದ ಊರು ಎಂದು ನಾವು ತಲೆ ತಗ್ಗಿಸಿ ನಡೆಯುವ ಈ ದ್ವೀಪದ ಅಂಚಿನಲ್ಲಿ ಸಾವಿರದ ನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನ ದೊರೆಯ ಹೆಸರು ಕಲ್ಲಿಗೇರಿತ್ತೆಂದು ತಿಳಿದಾಗ ಎದೆ ಕೊಂಚ ಅಗಲವಾಗದೆ ಇರದು.

ಒಂದು ಪೈಸೆಯೂ ಖರ್ಚಿಲ್ಲದ ಜಾಗಗಳು ಬೇಕೆಂದರೆ ಮರೀನ್ ಡ್ರೈವಿನ ಕಟ್ಟೆ, ಗಿರ್ಗಾಂವ್ ಮತ್ತು ದಾದರಿನ ಚೌಪಾಟಿ, ಮಾಟುಂಗದ ಫೈವ್ ಗಾರ್ಡನ್ಸ್. ಸಂಜೆ ಐದಕ್ಕೆ ಹೋಗಿ ಕತ್ತಲಾಗುವವರೆಗೆ ಕುಳಿತು ಬಂದರೆ ಸಾಕು.

ಮರಾಠಿಗರಿಂದ ಕಲಿಯಬೇಕಾದುದು

ಬಿಡುವಿನ ಬಳಕೆಯಲ್ಲಿ ನಮ್ಮ ನೆರೆಯವರು ನಮಗಿಂತ ಒಂದು ಹೆಜ್ಜೆ ಮುಂದಿದ್ದಾರೆಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಚಾಳಿನ ಒಂದೇ ಖೋಲಿಯಲ್ಲಿ ಬದುಕಿದ ಗಿರಣಿ ಕೂಲಿಗಾರರು ಭಜನೆಯ ಮೇಳ ಕಟ್ಟಿದರು, ನಾಟಕ ಆಡಿದರು, ಕಬಡ್ಡಿಯ ತಂಡ ಕಟ್ಟಿದರು. ದೀಪಾವಳಿ ಬಂತೆಂದರೆ ಮರಾಠಿ ಕುಟುಂಬವು ಚಕ್ಕುಲಿಯೊಡನೆ ಒಂದು ವಿಶೇಷಾಂಕವನ್ನೂ ಕೊಳ್ಳುತ್ತದೆ. 1909ರಲ್ಲಿ ‘ಮನೋರಂಜನ’ ಪತ್ರಿಕೆಯು ಆರಂಭಿಸಿದ ಸಂಪ್ರದಾಯವದು. ಕೂಲಿಗಾರರ ಕಲ್ಯಾಣ ನಿಧಿಯ ಕಾಯಿದೆಯು 1953ರಲ್ಲಿ ಬಂತು. ಅದರಿಂದ ನಡೆಯುವ ಕಾಮಗಾರ್ ಕಲ್ಯಾಣ ಕೇಂದ್ರಗಳಲ್ಲಿ ವಾಚನಾಲಯ, ಆಟ, ಹೊಲಿಗೆ ತರಗತಿ, ನಾಟಕ ಸ್ಪರ್ಧೆಗಳುಂಟು. ನಿಮ್ಮ ಬಡಾವಣೆಯಲ್ಲಿ ಅಂಥದೊಂದು ಕೇಂದ್ರವಿದ್ದರೆ ಹೊಕ್ಕು ವಿಚಾರಿಸಿ ನೋಡಿ.

ನಮ್ಮದೂ ಬಡತನವಲ್ಲ. ಮಾಟುಂಗದಲ್ಲಿ 1926ರ ಮೈಸೂರು ಅಸೋಸಿಯೇಷನ್, ಮಾಹಿಮದಲ್ಲಿ 1933ರ ಕರ್ನಾಟಕ ಸಂಘ ಇವೆ. ಹಗಲು ಹೋಟೆಲಿನಲ್ಲಿ ದುಡಿದು ಕೋಟೆಯ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದ ಹಿರಿಯರು ಎಷ್ಟೋ ಮಂದಿ. ಪತ್ತನಾಜೆಯಂದು ಊರಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರ ತಂಡಗಳು ಮುಂಬಯಿಗೆ ಬರುತ್ತವೆ. ಚೆಂಡೆಯ ಸದ್ದು ಕೇಳಿದರೆ ಸಾಕು, ನಮ್ಮ ಹುಡುಗರ ಮುಖವೇ ಬೇರೆಯಾಗುತ್ತದೆ. ಆದರೆ ಆಟಗಳು ಬಹುತೇಕ ಭಾನುವಾರ ಮಧ್ಯಾಹ್ನವೇ ಆಗುತ್ತವೆ. ಆ ಹೊತ್ತಿಗೆ ಆ ಹುಡುಗರು ಎಲ್ಲಿರುತ್ತಾರೆ? ಮಸಾಲೆ ದೋಸೆಯ ತಟ್ಟೆಗಳನ್ನು ಕೈಯ ಮೇಲೆ ಸಾಲಾಗಿ ಹೊತ್ತು ಮೇಜಿಂದ ಮೇಜಿಗೆ ಓಡುತ್ತಿರುತ್ತಾರೆ! ಮುಂದಿನ ಸಾಲಿನಲ್ಲಿ ಅವರ ಧನಿಗಳು ಶಾಲು ಹೊದೆಸಿಕೊಳ್ಳುತ್ತಿರುತ್ತಾರೆ. ನಾವೂ ಹೊದೆಸಿಕೊಂಡವರೇ, ಆದುದರಿಂದ ಹೇಳುವ ಅಧಿಕಾರವಿದೆ.

ನಮ್ಮ ವಿನಂತಿ

ಮಾಲಿಕ ಬಂಧುಗಳಲ್ಲಿ ನಮ್ಮ ವಿನಂತಿಗಳು ಮೂರೇ. ಮೊದಲನೆಯದು: ಯಾರ ರಜೆ ಯಾವ ವಾರವೆಂಬುದನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಬಾಯಿಮಾತಿನ ರಜೆಯು ಎಂದಿಗೂ ಬರದು. ಎರಡನೆಯದು: ಅನಿವಾರ್ಯವಾಗಿ ಒಬ್ಬನನ್ನು ರಜೆಯ ದಿನ ಕರೆದರೆ, ಬದಲಿ ದಿನವನ್ನು ಅದೇ ಗಳಿಗೆಯಲ್ಲಿ ಆ ಕಾಗದದ ಮೇಲೆ ಗುರುತು ಹಾಕಿರಿ. ಮೂರನೆಯದು: ಊರಿನಿಂದ ಹೊಸ ಹುಡುಗ ಬಂದಾಗ ಮೊದಲ ರಜೆಯ ದಿನ ಹಳಬನೊಬ್ಬನಿಗೂ ಬಿಡುವು ಕೊಟ್ಟು ಇಬ್ಬರನ್ನೂ ಜೊತೆಗೆ ಕಳುಹಿಸಿರಿ, ಕೈಗೆ ನೂರು ರೂಪಾಯಿ ಕೊಡಿರಿ. ಇದರಿಂದ ವ್ಯಾಪಾರಕ್ಕೆ ನಷ್ಟವಾಗುವುದೆಂದು ಭಯಪಡಬೇಕಾದುದಿಲ್ಲ. ಪಳಗಿದ ಹುಡುಗನೊಬ್ಬನು ದೀಪಾವಳಿಗೆ ಹೋಗಿ ಹಿಂತಿರುಗದೆ ಇದ್ದರೆ ಆಗುವ ನಷ್ಟವೆಷ್ಟೆಂದು ಗಲ್ಲೆಯ ಮೇಲೆ ಕುಳಿತವರಿಗೆ ನಾವು ಹೇಳಬೇಕೇ?

ಸಂಘಸಂಸ್ಥೆಗಳ ಮುಖಂಡರಲ್ಲಿ ಒಂದು ಮಾತು. ಮಳೆಗಾಲದ ಆಟಗಳಲ್ಲಿ ಒಂದನ್ನಾದರೂ ಸೋಮವಾರ ಇಟ್ಟುಕೊಳ್ಳಲಾಗದೇ? ಸಭಾಗೃಹದ ಬಾಡಿಗೆಯೂ ವಾರದ ನಡುವೆ ಸ್ವಲ್ಪ ಇಳಿಯಬಹುದು. ಪ್ರೇಕ್ಷಕರು ಬರುವರೋ ಇಲ್ಲವೋ ಎಂದು ಅಂಜಬೇಡಿ. ಒಂದು ಹೋಟೆಲಿಗೆ ಹೇಳಿದರೆ ಹತ್ತು ಹೋಟೆಲಿಗೆ ಸುದ್ದಿ ಮುಟ್ಟುವುದೆಂಬುದು ನಿಮಗೂ ಗೊತ್ತಿದೆ.

ಇನ್ನು ದುಡಿಯುವ ತಮ್ಮಂದಿರಲ್ಲಿ. ರಜೆಯ ದಿನ ಮಧ್ಯಾಹ್ನದವರೆಗೆ ಬೇಕಾದರೆ ನಿದ್ದೆ ಮಾಡಿ, ದಣಿದ ಮೈಗೆ ಅದು ಬೇಕು. ಆದರೆ ಮಧ್ಯಾಹ್ನದ ಮೇಲೆ ಬಟ್ಟೆ ಬದಲಿಸಿ ಹೊರಗೆ ಹೊರಡಿ, ಸಾಧ್ಯವಾದರೆ ಒಬ್ಬನನ್ನು ಜೊತೆಗೆ ಕರೆದುಕೊಳ್ಳಿ. ಖೋಲಿಯಲ್ಲಿ ಯಾರ ಗುರ್ತವೂ ಇಲ್ಲದ ಹೊಸಬನಿದ್ದರೆ ಅವನನ್ನೇ ಮೊದಲು ಕರೆಯಿರಿ. ಕಾರಕೂನ ಬಂಧುಗಳು ತಿಂಗಳ ನಾಲ್ಕು ಭಾನುವಾರಗಳಲ್ಲಿ ಒಂದನ್ನಾದರೂ ದಿನಸಿಯಿಂದಲೂ ಸೊಸೈಟಿಯ ಸಭೆಯಿಂದಲೂ ಬಿಡಿಸಿ ಮಕ್ಕಳ ಕೈಗೆ ಕೊಡಲಿ.

ಆ ತಾಯಿಯ ಪ್ರಶ್ನೆಯು ಇಂದಿಗೂ ನಮ್ಮ ಕಿವಿಯಲ್ಲಿದೆ. ಅವರ ಮಗನು ಎಂದಾದರೂ ಮತ್ತೆ ಈ ನಗರಕ್ಕೆ ಬಂದರೆ, ಅವನನ್ನು ದಾದರಿನ ಚೌಪಾಟಿಗೆ ನಾವೇ ಕೈಹಿಡಿದು ಕರೆದೊಯ್ಯುವೆವು. ಅವನು ಬಾರದೆ ಹೋದರೂ, ಅವನಂಥವರು ಪ್ರತಿದಿನವೂ ಕುರ್ಲಾದಲ್ಲಿ ಊರಿನ ಗಾಡಿಯಿಂದ ಕೈಚೀಲ ಹಿಡಿದು ಇಳಿಯುತ್ತಲೇ ಇದ್ದಾರೆ. ಅವರಲ್ಲೊಬ್ಬನು ಇಂದು ನಿಮ್ಮ ಹೋಟೆಲಿನ ಮೋರಿಯ ಬಳಿ ಕಪ್ಪು ತೊಳೆಯುತ್ತಿರಬಹುದು. ಅವನು ಸಮುದ್ರವನ್ನು ಕಂಡಿದ್ದಾನೆಯೇ ಎಂದು ಇಂದೇ ಒಮ್ಮೆ ಕೇಳಿ ನೋಡಿರಿ.

ತಮ್ಮ ಹೋಟೆಲಿನಲ್ಲಿ ರಜೆಯ ವ್ಯವಸ್ಥೆ ಹೇಗಿದೆ, ರಜೆಯ ದಿನವನ್ನು ಹೇಗೆ ಕಳೆಯುತ್ತೀರಿ ಎಂಬುದನ್ನು ನಾಲ್ಕು ಸಾಲಿನಲ್ಲಿ ನಮಗೆ ಬರೆದು ತಿಳಿಸಬೇಕಾಗಿ ವಾಚಕರಲ್ಲಿ ವಿನಂತಿ. ಹೆಸರು ಹಾಕಲು ಅಂಜುವವರು ಊರಿನ ಹೆಸರನ್ನಷ್ಟೇ ಹಾಕಿದರೂ ಸಾಕು.